ಮೇರಾ ಪೀಕ್‌ಗೆ 14 ದಿನದ ಪ್ಯಾಕೇಜ್ ಸಾಕಾ? ಹೋಗಿ ಬಂದೋರು ಹೇಳಿ

ಹೊಸನಗರದ_ಹುಡುಗ

ಎಲ್ರಿಗೂ ನಮಸ್ಕಾರ. ನಾವು ನಾಲ್ಕು ಜನ, ಇಬ್ರಿಗೆ ಶಿವಮೊಗ್ಗದಲ್ಲಿ ಕೆಲ್ಸ, ಒಬ್ಬ ಬೆಂಗ್ಳೂರು, ನಾನು ಹೊಸನಗರದ ಹತ್ರ ಅಡಿಕೆ ತೋಟ ನೋಡ್ಕೊಂಡು ಇದೀನಿ. ಬರೋ ಏಪ್ರಿಲ್ ಕೊನೇಲಿ ನೇಪಾಳದ ಮೇರಾ ಪೀಕ್ ಹತ್ತೋಣ ಅಂತ ಮಾತಾಗಿದೆ, 6,476 ಮೀಟರ್. ಅಕ್ಟೋಬರ್ ನವೆಂಬರಲ್ಲೂ ಸೀಸನ್ ಇದೆ, ಆದ್ರೆ ಆಗ ಕೊಯ್ಲು ಶುರು, ಜೂನ್ ಬಂತು ಅಂದ್ರೆ ಕೊಳೆ ಔಷಧಿ ಹೊಡಿಬೇಕು, ಹಂಗಾಗಿ ನನಗೆ ಮನೆ ಬಿಡೋಕೆ ಆಗೋದು ಏಪ್ರಿಲ್ ಮೇ ಮಾತ್ರ. ಅನುಭವ ಅಂದ್ರೆ ಕೊಡಚಾದ್ರಿ ಎಷ್ಟು ಸಲ ಅಂತ ಲೆಕ್ಕ ಇಟ್ಟಿಲ್ಲ, ಕುಮಾರ ಪರ್ವತ ಎರಡು ಸಲ, ಹೋದ ಡಿಸೆಂಬರಲ್ಲಿ ಕೇದಾರಕಂಠ (ಕೊಯ್ಲು ಬಿಟ್ಟು ಹೋಗಿದ್ದಕ್ಕೆ ಅಪ್ಪಯ್ಯ ಇನ್ನೂ ಸರಿಯಾಗಿ ಮಾತಾಡ್ತಾ ಇಲ್ಲ).

ಈಗ ವಿಷ್ಯ ಏನಂದ್ರೆ ಎರಡು ಕಂಪನಿಯವರ ಹತ್ರ ರೇಟ್ ತರಿಸಿದೀವಿ. ಒಬ್ರು ಕಾಠ್ಮಂಡುವಿಂದ ಕಾಠ್ಮಂಡುಗೆ 14 ದಿನ, ಒಬ್ಬೊಬ್ರಿಗೆ 2 ಲಕ್ಷ 10 ಸಾವಿರ ಅಂತಾರೆ, ಇನ್ನೊಬ್ರು 19 ದಿನ, 2 ಲಕ್ಷ 80 ಸಾವಿರ. ಬೆಟ್ಟ ಅದೇ, ಗೈಡು ಶೆರ್ಪಾ ಟೆಂಟು ಊಟ ಎಲ್ಲಾ ಎರಡರಲ್ಲೂ ಬರ್ದಿದಾರೆ. ಎಪ್ಪತ್ತು ಸಾವಿರ ಜಾಸ್ತಿ ಕೊಟ್ಟು ಐದು ದಿನ ಎಂತಕ್ಕೆ ಕೂತ್ಕೋಬೇಕು ಅಂತ ನಮ್ಮ ಬೆಂಗ್ಳೂರಿನ ದೋಸ್ತಿ ವಾದ, ಅವ್ನಿಗೆ ರಜೆನೂ ಸಿಗಲ್ಲ. ನಾವೆಲ್ಲ ಫಿಟ್ ಇದೀವಿ. 14 ಸಾಕಾ? ಮತ್ತೆ ಹಿಮದ ಬೆಟ್ಟ ಹತ್ತೋದು ಕಲಿಸೋ ಬೇಸಿಕ್ ಕೋರ್ಸ್ ಮಾಡ್ದೇ ಹೋಗ್ಬಹುದಾ? ನಮ್ ಕಡೆ ಹಿಮ ಎಲ್ಲಿಂದ ಬರ್ಬೇಕು, ಪ್ರಾಕ್ಟೀಸ್ ಹೆಂಗೆ ಮಾಡದು?

ತುಂಗಾತೀರ

ಮಾರಾಯ, ಆ 14 ದಿನದವ್ರ ಪ್ಲಾನ್ ಕಾಗದ ತಗೊಂಡು ಪ್ರತಿ ದಿನದ ಮುಂದೆ ರಾತ್ರಿ ಮಲಗೋ ಜಾಗದ ಎತ್ತರ ಪೆನ್ನಲ್ಲಿ ಬರಿ, ಆಮೇಲೆ ರೇಟ್ ನೋಡುವಂತೆ. ನಡಿಗೆ ಶುರುವಾಗೋ ಲುಕ್ಲಾ 2,860 ಮೀಟರ್, ಕೋಠೆ ಸುಮಾರು 3,600, ಥಂಗ್ನಾಕ್ 4,350, ಖಾರೆ 5,000ದ ಹತ್ರ, ಹೈ ಕ್ಯಾಂಪ್ 5,800. ಮೂರು ಸಾವಿರ ದಾಟಿದ ಮೇಲೆ ಮಲಗೋ ಎತ್ತರ ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರಬಾರದು, ಮೂರು ನಾಲ್ಕು ದಿನಕ್ಕೆ ಒಂದು ದಿನ ಏರದೇ ಇರ್ಬೇಕು ಅನ್ನೋದು ಎಲ್ಲ ಕಡೆ ಹೇಳೋ ಲೆಕ್ಕ. ಕೋಠೆಯಿಂದ ಥಂಗ್ನಾಕಿಗೇ 750 ಆಗೋಯ್ತು, ಅಲ್ಲಿಂದ ಖಾರೆಗೆ 650, ಆಮೇಲೆ 800. ಅಂದ್ರೆ ಥಂಗ್ನಾಕಲ್ಲಿ ಎರಡು ರಾತ್ರಿ, ಖಾರೇಲಿ ಮೂರು ರಾತ್ರಿ ಇಲ್ದೇ ಈ ಲೆಕ್ಕ ಕೂಡಲ್ಲ. 14 ದಿನದವ್ರು ಎಲ್ಲಿ ಕಡಿದಿರ್ತಾರೆ ಅಂತ ನೋಡಿದ್ರೆ ಅಲ್ಲೇ ಕಡಿದಿರ್ತಾರೆ. ಇನ್ನೊಂದು, ಲುಕ್ಲಾದಿಂದ ಹೊರಟ ಎರಡನೇ ದಿನಕ್ಕೇ ಝತ್ರ್ವಾ ಲಾ ಅನ್ನೋ 4,600 ಮೀಟರಿನ ಪಾಸ್ ದಾಟಿಸ್ತಾರೆ, ದಾರಿ ಹತ್ರ ಆಗುತ್ತೆ ಅಂತ. ಒಳ್ಳೆಯವ್ರು ಹೋಗುವಾಗ ಪೈಯಾ, ಪಂಗೋಮ್ ಕಡೆಯಿಂದ ಕಾಡೊಳಗೆ ಸುತ್ತಾಕಿಸಿ ಕೋಠೆಗೆ ಕರ್ಕೊಂಡು ಹೋಗಿ, ಬರುವಾಗ ಮಾತ್ರ ಝತ್ರ್ವಾ ಲಾ ಮೇಲೆ ಬರ್ತಾರೆ. ನಿನ್ನ ಐದು ದಿನ ಇಲ್ಲೇ ಹೋಗಿರೋದು, ಯಾರೂ ಕೂತು ಕಾಲ ಕಳೆಯಲ್ಲ.

ನಾನು ಹೆಂಗೆ ಕಲ್ತೆ ಅಂದ್ರೆ ಇಂಥದೇ ಒಂದು ಕಮ್ಮಿ ದಿನದ ಪ್ಯಾಕೇಜಲ್ಲಿ ಹೋಗಿ. ಕಂಪನಿ ಹೆಸ್ರು ಬೇಡ. ನಮ್ಮ ಆರು ಜನದಲ್ಲಿ ಎಲ್ಲಕ್ಕಿಂತ ಫಿಟ್ ಇದ್ದೋನು ನಾನೇ, ಅದೇ ಮುಳುಗಿಸಿದ್ದು, ಯಾಕಂದ್ರೆ ಖಾರೆವರೆಗೂ ಎಲ್ರಿಗಿಂತ ಮುಂದೆ ನಡ್ಕೊಂಡು ಹೋಗಿ ಟೀ ಕುಡೀತಾ ಕೂತಿರ್ತಿದ್ದೆ. ಹೈ ಕ್ಯಾಂಪಲ್ಲಿ ರಾತ್ರಿ ನಿದ್ದೆ ಇಲ್ಲ, ಕಣ್ಣು ಮುಚ್ಚಿದ್ರೆ ಉಸಿರು ನಿಂತಂಗಾಗಿ ಎದ್ದು ಕೂರೋದು. ಎರಡು ಗಂಟೆಗೆ ಎದ್ದು ನೀರು ಕುಡಿಯೋಣ ಅಂದ್ರೆ ಬಾಟ್ಲಿ ಮುಚ್ಚಳ ಬರ್ಲಿಲ್ಲ, ಬಾಯಿ ಹತ್ರನೇ ಐಸ್ ಕಟ್ಟಿತ್ತು. ಪಕ್ಕದಲ್ಲಿ ನಮ್ಮ ಶೆರ್ಪಾ ದಾಜು (ನೇಪಾಳಿಲಿ ಅಣ್ಣ ಅಂತ) ಬಾಟ್ಲಿ ತಲೆಕೆಳಗೆ ಮಾಡಿ ಬ್ಯಾಗಲ್ಲಿ ಸಿಕ್ಕಿಸಿದ್ದ, ಐಸ್ ಕಟ್ಟೋದು ಮೇಲಿಂದ, ಉಲ್ಟಾ ಇಟ್ರೆ ಅದು ತಳದ ಕಡೆ ಕಟ್ಟುತ್ತೆ, ಬಾಯಿ ಬಿಟ್ಟಿರುತ್ತೆ. ಇಷ್ಟು ಸಣ್ಣ ವಿಷ್ಯ ಹೇಳೋಕೂ ಕಂಪನಿಯವ್ರಿಗೆ ಪುರುಸೊತ್ತಿರ್ಲಿಲ್ಲ. ಹೊರಗೆ ಬಂದು ಕ್ರಾಂಪಾನ್ (ಐಸ್ ಮೇಲೆ ಜಾರದಂಗೆ ಬೂಟಿನಡಿ ಕಟ್ಟೋ ಮುಳ್ಳು) ಪಟ್ಟಿ ಬಿಗಿಯೋಕೆ ಹೋದೆ, ಅದೇ ಪಟ್ಟಿ ಹಿಂದಿನ ದಿನ ಮೂರು ಸಲ ಕಟ್ಟಿ ಬಿಚ್ಚಿದ್ದೆ, ಈಗ ಯಾವ ತುದಿ ಯಾವ ಬಳೆ ಒಳಗೆ ಹೋಗ್ಬೇಕು ಅಂತ ಗೊತ್ತೇ ಆಗ್ತಿಲ್ಲ, ಸುಮ್ನೆ ನೋಡ್ತಾ ಕೂತಿದೀನಿ. ದಾಜು ಬಂದು ಕಟ್ಟಿದ. 6,100 ಹತ್ರ ಇರ್ಬೇಕು, ಹಗ್ಗ ಬಿಚ್ಚದೇ ನನ್ನನ್ನ ನಿಲ್ಸಿ, ಹಿಮ್ಮಡಿಗೆ ಬೆರಳು ತಾಗ್ಸಿ ಹತ್ತು ಹೆಜ್ಜೆ ನೇರ ನಡಿ ಅಂದ. ನಾಲ್ಕನೇ ಹೆಜ್ಜೆಗೆ ಪಕ್ಕಕ್ಕೆ ವಾಲಿದೆ. ನನಗೇನೂ ಆಗಿಲ್ಲ ಅಂತ ಜಗಳ ಮಾಡಿದೆನಂತೆ, ಅದು ನನಗೆ ನೆನಪೂ ಇಲ್ಲ. ಇಳಿಸ್ಕೊಂಡು ಬಂದ, ಖಾರೆಗೆ ಬಂದು ಮಧ್ಯಾಹ್ನದೊಳಗೆ ಸರಿ ಆದೆ. ಅವನು ಇಲ್ದಿದ್ರೆ ಇವತ್ತು ನಿಮಗೆ ಇದನ್ನ ಟೈಪ್ ಮಾಡ್ತಿರ್ಲಿಲ್ಲ.

ಕಂಪನಿಗೆ ಕೇಳೋದು ಏನಂದ್ರೆ ಹಗ್ಗದಲ್ಲಿ ಎಷ್ಟು ಜನಕ್ಕೆ ಒಬ್ಬ ಗೈಡು, ಒಬ್ಬನಿಗೆ ಹುಷಾರು ತಪ್ಪಿ ಇಳಿಸ್ಬೇಕಾದ್ರೆ ಉಳಿದವ್ರ ಜೊತೆ ಯಾರು ಇರ್ತಾರೆ, ಹವಾಮಾನ ಕೆಟ್ರೆ ಕಾಯೋಕೆ ಎಕ್ಸ್‌ಟ್ರಾ ದಿನ ಇದೆಯಾ, ಎನ್‌ಎಂಎ (ನೇಪಾಳ ಪರ್ವತಾರೋಹಣ ಸಂಘ) ಪರ್ಮಿಟಲ್ಲಿ ನಿಮ್ಮ ಹೆಸ್ರು ಇರುತ್ತಾ. ಮತ್ತೆ ಯಾವ ತುದಿ ಹತ್ತಿಸ್ತೀರಿ ಅಂತಾನೂ ಕೇಳು, ಯಾಕಂದ್ರೆ 6,476 ಇರೋದು ಉತ್ತರದ ತುದಿ, ಜಾಸ್ತಿ ಗುಂಪುಗಳು ಹೋಗಿ ಫೋಟೋ ತೆಗ್ಸೋದು ನಡುವಿನ ತುದೀಲಿ, ಅದು 6,461. ಹದಿನೈದು ಮೀಟರಲ್ಲಿ ಏನಿದೆ ಬಿಡು, ಎವರೆಸ್ಟು ಲೋತ್ಸೆ ಮಕಾಲು ಚೋ ಓಯು ಕಾಂಚನಜುಂಗಾ ಐದೂ ಅಲ್ಲಿಂದನೇ ಕಾಣುತ್ತೆ ಅಂತಾರೆ. ನಾನು ನೋಡಿಲ್ಲ.

ಬೈಪಾಸ್_ಭಟ್ಟ

ಮೇರಾ ಗೀರಾ ಎಂತಕ್ಕೆ, ನೇರ ಎವರೆಸ್ಟಿಗೇ ಹೋಗಿ ಮಾರ್ರೆ, ನಮ್ ಜಿಲ್ಲೆ ಹೆಸ್ರಾದ್ರೂ ಬರುತ್ತೆ 😄

ತುಂಗಾತೀರ

ಭಟ್ರೆ, ಎವರೆಸ್ಟ್ ಪರ್ಮಿಟ್ ಒಂದಕ್ಕೇ ಮೊದ್ಲು 11,000 ಡಾಲರ್ ಇತ್ತು, 2025ರ ಸೆಪ್ಟೆಂಬರಿಂದ 15,000 ಮಾಡಿದಾರೆ. ಅಂದ್ರೆ ಹದಿಮೂರು ಲಕ್ಷದ ಹತ್ರ, ಇನ್ನೂ ಒಂದು ಲೋಟ ಚಾ ಕುಡ್ದಿಲ್ಲ. ನೀವು ಸ್ಪಾನ್ಸರ್ ಮಾಡಿ, ಹುಡುಗ್ರು ಹೋಗ್ತಾರೆ.

ಗಾಜನೂರು_ನೀರು

ನಾನು ಡಾಕ್ಟರ್, ಬೆಟ್ಟ ಹತ್ತೋಳಲ್ಲ, ಆದ್ರೆ ಮನೆಯವ್ರು ಹತ್ತುತ್ತಾರೆ ಹಂಗಾಗಿ ಓದಿ ಇಟ್ಕೊಂಡಿದೀನಿ. ಮೊದ್ಲು ಒಂದು ತಪ್ಪು ತಿಳುವಳಿಕೆ, ಮೇಲೆ ಹೋದ್ರೆ ಗಾಳೀಲಿ ಆಮ್ಲಜನಕದ ಪಾಲು ಕಮ್ಮಿ ಆಗಲ್ಲ, ಅಲ್ಲೂ ಶೇಕಡ 21 ಇದೆ, ಗಾಳಿಯ ಒತ್ತಡ ಕಮ್ಮಿ ಆಗೋದು. 5,500 ಮೀಟರಲ್ಲಿ ಸಮುದ್ರ ಮಟ್ಟದ ಅರ್ಧದಷ್ಟು. ಒಂದೊಂದು ಉಸಿರಿಗೆ ಸಿಗೋದೇ ಅರ್ಧ ಅಂದ್ರೆ ದೇಹ ಅದಕ್ಕೆ ಹೊಂದ್ಕೊಳ್ಳೋಕೆ ದಿನ ಬೇಕು, ತೊಡೆ ಗಟ್ಟಿ ಇದೆ ಅಂತ ದಿನ ಕಮ್ಮಿ ಆಗಲ್ಲ. ತುಂಗಾತೀರ ಅವ್ರಿಗೆ ಆಗಿದ್ದು ಮಿದುಳಲ್ಲಿ ಬಾವು ಬರೋ ಲಕ್ಷಣ, ನೇರ ನಡಿಯೋಕೆ ಆಗದೇ ಇರೋದು, ಮಾತು ತೊದಲೋದು, ಕಾರಣ ಇಲ್ದೇ ಜಗಳ. ಇನ್ನೊಂದು ಶ್ವಾಸಕೋಶಕ್ಕೆ ನೀರು ಸೇರೋದು, ಅದರಲ್ಲಿ ಸುಮ್ನೆ ಕೂತಾಗ್ಲೂ ಏದುಸಿರು, ಬಿಡದ ಕೆಮ್ಮು. ಎರಡಕ್ಕೂ ಔಷಧಿ ಅಂದ್ರೆ ಕೆಳಗಿಳಿಯೋದು, ಅದೂ ಆಗಿಂದಾಗಲೇ, ಬೆಳಗ್ಗೆ ನೋಡೋಣ ಅನ್ನೋ ಮಾತೇ ಇಲ್ಲ.

ಎತ್ತರದ ಕಾಯಿಲೆ ತಡೆಯೋ ಡಯಾಮಾಕ್ಸ್ ಮಾತ್ರೆ ಬಗ್ಗೆ ಎಲ್ರೂ ಕೇಳ್ತಾರೆ. ತಡೆಗೆ ಅಂತ ಸಾಮಾನ್ಯ ಕೊಡೋದು 125 ಮಿಲಿಗ್ರಾಂ ದಿನಕ್ಕೆ ಎರಡು ಸಲ, ಏರೋ ಹಿಂದಿನ ದಿನದಿಂದ, ಆದ್ರೆ ಸಲ್ಫಾ ಅಲರ್ಜಿ ಇದ್ದೋರು, ಕಿಡ್ನಿ ತೊಂದ್ರೆ ಇದ್ದೋರು ನಿಮ್ಮ ಡಾಕ್ಟರ್ ಹತ್ರ ಕೇಳ್ದೇ ಮುಟ್ಟಬೇಡಿ. ಊರಲ್ಲೇ ಎರಡು ದಿನ ತಗೊಂಡು ನೋಡಿ, ಬೆರಳ ತುದಿ ಜುಂ ಅನ್ನುತ್ತೆ, ಬಾತ್ರೂಮಿಗೆ ಓಡಾಟ ಜಾಸ್ತಿ, ಅಲ್ಲಿ ಹೋಗಿ ಮೊದಲ್ನೇ ಸಲ ಹಂಗಾದ್ರೆ ಏನೋ ಆಯ್ತು ಅಂತ ಹೆದರ್ತೀರಿ. ಡೆಕ್ಸಾ ಮಾತ್ರೆ ತಗೊಂಡು ಮೇಲೆ ಹೋಗೋಣ ಅಂತ ಯಾರಾದ್ರೂ ಗೈಡು ಹೇಳಿದ್ರೆ ಒಪ್ಕೋಬೇಡಿ, ಅದು ಇಳಿಸೋ ಹೊತ್ತಿಗೆ ಜೀವ ಉಳಿಸೋಕೆ ಇರೋದು. ನಿದ್ದೆ ಮಾತ್ರೆ, ಎಣ್ಣೆ ಎರಡೂ ಬೇಡ. ನಾಲ್ಕೂ ಜನ ಹೋಗೋ ಮುಂಚೆ ಹಿಮೋಗ್ಲೋಬಿನ್, ಬಿಪಿ, ಇಸಿಜಿ ಮಾಡಿಸಿ. ಹಲ್ಲೂ ತೋರ್ಸಿ, ನಗಬೇಡಿ, ಹುಳುಕು ಹಲ್ಲು ಚಳೀಲಿ ಏನು ಮಾಡುತ್ತೆ ಅಂತ ನಮ್ಮನೆಯವ್ರನ್ನ ಕೇಳಿ.

ಆಗುಂಬೆ_ಸೋನೆ

ಪ್ರಾಕ್ಟೀಸ್ ವಿಷ್ಯ ನಾನು ಹೇಳ್ತೀನಿ. ನಮ್ ಕಡೆ ಎತ್ತರ ಇಲ್ಲ ಅನ್ನೋದು ನಿಜ, ಕೊಡಚಾದ್ರಿ 1,343, ಮುಳ್ಳಯ್ಯನಗಿರಿಗೆ ಹೋದ್ರೂ 1,930 ಅಷ್ಟೇ, ಇಲ್ಲಿ ಎಷ್ಟು ಹತ್ತಿದ್ರೂ ತೆಳು ಗಾಳಿ ಅಭ್ಯಾಸ ಆಗಲ್ಲ. ಆದ್ರೆ ಏರು ಬೇಕಾದಷ್ಟಿದೆ. ನಾನು ಮಾಡಿದ್ದು ಬ್ಯಾಗಲ್ಲಿ ನೀರಿನ ಕ್ಯಾನ್ ಹಾಕ್ಕೊಂಡು, ಶುರುವಿಗೆ 8 ಲೀಟರ್, ಮೂರು ತಿಂಗಳಾಗೋ ಹೊತ್ತಿಗೆ 15, ನಿಟ್ಟೂರು ಕಡೆಯಿಂದ ಹಿಡ್ಲುಮನೆ ಫಾಲ್ಸ್ ದಾರೀಲಿ ಹತ್ತೋದು, ಮೇಲೆ ಹೋಗಿ ನೀರು ಚೆಲ್ಲಿ ಖಾಲಿ ಬ್ಯಾಗಲ್ಲಿ ಇಳಿಯೋದು. ಮೊಣಕಾಲು ಹಾಳಾಗೋದು ಇಳಿಯುವಾಗ್ಲೇ, ಅದಕ್ಕೆ ನೀರೇ ಬೆಸ್ಟ್, ಕಲ್ಲು ತುಂಬಿದ್ರೆ ವಾಪಸ್ ತರ್ಬೇಕಲ್ಲ ಅನ್ನಿಸುತ್ತೆ (ನನ್ ದೋಸ್ತ್ ಒಬ್ಬ ಜಂಬಿಟ್ಟಿಗೆ ತುಂಬ್ಕೊಂಡು ಬಂದು ಸರ್ವಜ್ಞ ಪೀಠದ ಹತ್ರ ಇಳಿಸಿ ಬೈಸ್ಕೊಂಡ). ಮಳೆಗಾಲಕ್ಕೆ ಮೊದ್ಲು ಮುಗಿಸ್ಕೊಳಿ, ಆಮೇಲೆ ಉಂಬಳ, ಜಾರಿಕೆ, ಅರಣ್ಯ ಇಲಾಖೆಯವ್ರು ಬಿಡೋದೂ ಕಷ್ಟ. ವಾರದ ದಿನ ಮಾತಾಡ್ಕೊಂಡು ಓಡೋ ಸ್ಪೀಡಲ್ಲಿ ಒಂದು ಗಂಟೆ ಓಟ, ಏದುಸಿರು ಬರೋ ಓಟ ವಾರಕ್ಕೊಂದೇ ಸಾಕು.

ಹಗ್ಗದ ಕೆಲ್ಸ ಮನೆ ಹಿಂದಿನ ಮಾವಿನ ಮರದಲ್ಲೇ ಆಗುತ್ತೆ. ಹಾರ್ನೆಸ್ (ಸೊಂಟದ ಪಟ್ಟಿ), ಜೂಮರ್ (ಹಗ್ಗದಲ್ಲಿ ಮೇಲಕ್ಕೆ ಮಾತ್ರ ಸರಿಯೋ ಹಿಡಿಕೆ), ಎರಡು ಕ್ಯಾರಬೀನರ್ (ಹಗ್ಗಕ್ಕೆ ಸಿಕ್ಕಿಸೋ ಕೊಂಡಿ) ಬಾಡಿಗೆಗೆ ತಂದು ಹಗ್ಗ ಇಳಿಬಿಟ್ಟು, ಒಂದು ಗಂಟಿನ ಹತ್ರ ಜೂಮರ್ ಬಿಚ್ಚಿ ಆಚೆ ಹಾಕೋದು, ಆದ್ರೆ ಮೊದ್ಲು ಎರಡನೇ ಕ್ಯಾರಬೀನರ್ ಆಚೆ ಹೋಗಿರ್ಬೇಕು, ಯಾವ ಕ್ಷಣಕ್ಕೂ ಒಂದಾದ್ರೂ ಹಗ್ಗಕ್ಕೆ ಇರ್ಬೇಕು. ದಪ್ಪ ಗ್ಲೌಸ್ ಹಾಕ್ಕೊಂಡು ರಾತ್ರಿ ಕತ್ತಲೆಲಿ ಮಾಡಿ, ಐವತ್ತು ಸಲ, ನೂರು ಸಲ. ತುಂಗಾತೀರ ಅವ್ರು ಪಟ್ಟಿ ನೋಡ್ತಾ ಕೂತಿದ್ದೆ ಅಂದ್ರಲ್ಲ, ಅಲ್ಲಿ ತಲೆ ಓಡಲ್ಲ, ಕೈಗೆ ಗೊತ್ತಿರ್ಬೇಕು. ನಮ್ಮ ತೋಟದ ಕೊನೆಗಾರನಿಗೆ ಇದನ್ನ ತೋರಿಸ್ದೆ, ಎರಡೇ ಸಲಕ್ಕೆ ಹಿಡ್ಕೊಂಡ, ಇಷ್ಟಕ್ಕೆ ದುಡ್ಡು ಕೊಟ್ಟು ಹೋಗ್ತೀರಾ ಅಂತ ಕೇಳ್ದ. ಮರದಿಂದ ಮರಕ್ಕೆ ದಾಟೋನಿಗೆ ನಾನೇನು ಉತ್ರ ಕೊಡ್ಲಿ.

ಕೋರ್ಸ್ ಕಡ್ಡಾಯ ಅಲ್ಲ ಮೇರಾಗೆ, ಅದು ಟ್ರೆಕ್ಕಿಂಗ್ ಪೀಕ್ ಪಟ್ಟಿಲಿ ಬರುತ್ತೆ, ಜಾಸ್ತಿ ದಾರಿ ಹಿಮನದಿ ಮೇಲೆ ಹಗ್ಗ ಕಟ್ಕೊಂಡು ನಡೆಯೋದೇ, ಕೊನೇಲಿ ಒಂದು ಸಣ್ಣ ಕಡಿದು ಏರು. ಆದ್ರೆ ಮುಂದೆ 7,000 ಮೀಟರಿನ ಕನಸಿದ್ರೆ, ಲಡಾಖಿನ ನುನ್ ಥರದ್ದು, ಆಗ ಪರ್ವತಾರೋಹಣ ಕಲಿಸೋ ಸಂಸ್ಥೆಗಳಾದ ಉತ್ತರಕಾಶಿಯ ನಿಮ್ (NIM), ಇಲ್ಲಾ ಡಾರ್ಜಿಲಿಂಗಿನ ಎಚ್‌ಎಂಐಯಲ್ಲಿ ಬೇಸಿಕ್ ಮಾಡಿ, ನಾಲ್ಕು ವಾರ ಬೇಕು, ಎ ಗ್ರೇಡ್ ಬಂದ್ರೆ ಅಡ್ವಾನ್ಸ್ ಕೋರ್ಸ್. ಸೀಟಿಗೆ ಕಾಯ್ಬೇಕಾಗುತ್ತೆ, ಈಗ್ಲೇ ಹೆಸ್ರು ಹಾಕಿ ಇಡಿ.

ಹೊಸನಗರದ_ಹುಡುಗ

ಎಲ್ರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ಬರೀತೀರಿ ಅಂದ್ಕೊಂಡಿರ್ಲಿಲ್ಲ. ನಿನ್ನೆ ರಾತ್ರಿ ಕೂತು ಎತ್ತರ ಬರ್ದು ನೋಡ್ದೆ, 14 ದಿನದವ್ರು ಥಂಗ್ನಾಕಲ್ಲಿ ಒಂದೇ ರಾತ್ರಿ, ಖಾರೇಲಿ ಒಂದೇ ರಾತ್ರಿ ಕೊಟ್ಟಿದಾರೆ, ಮಾರನೇ ದಿನವೇ 5,800. ಎಕ್ಸ್‌ಟ್ರಾ ದಿನ ಸೊನ್ನೆ. ಫೋನ್ ಮಾಡಿ ಕೇಳ್ದೆ, "ಸರ್ ನೀವು ಫಿಟ್ ಇದೀರಲ್ಲ, ಏನೂ ಆಗಲ್ಲ" ಅಂದ್ರು. ಒಬ್ಬನಿಗೆ ಹುಷಾರಿಲ್ದೇ ಆದ್ರೆ ಉಳಿದವ್ರಿಗೆ ಯಾರು ಅಂದ್ರೆ "ಅದು ಅಲ್ಲಿ ಮ್ಯಾನೇಜ್ ಆಗುತ್ತೆ" ಅಂತೆ. 19 ದಿನದವ್ರು ಖಾರೇಲಿ ಮೂರು ರಾತ್ರಿ, ಎರಡು ದಿನ ಎಕ್ಸ್‌ಟ್ರಾ, ಇಬ್ರಿಗೊಬ್ಬ ಗೈಡು, ಹೋಗೋದು ಪಂಗೋಮ್ ದಾರೀಲೇ. ಅವ್ರಿಗೇ ಅಡ್ವಾನ್ಸ್ ಕೊಡ್ತಾ ಇದೀವಿ. ಬೆಂಗ್ಳೂರಿನವ್ನು ರಜೆ ಸಿಗಲ್ಲ ಅಂತ ಹಿಂದೆ ಸರಿದ, ಬೇಜಾರಾಯ್ತು, ಆದ್ರೆ ಅವ್ನಿಗೋಸ್ಕರ ಐದು ದಿನ ಕಡಿಯೋಕೆ ಆಗಲ್ಲ.

ಇನ್ಶೂರೆನ್ಸ್ ಹೆಂಗೆ? ಮತ್ತೆ ಡೌನ್ ಜಾಕೆಟ್ ದಪ್ಪದ್ದು ಯಾರ ಹತ್ರ ಆದ್ರೂ ಇದ್ರೆ ಹೇಳಿ, ಬಾಡಿಗೆ ಕೊಡ್ತೀನಿ.

ತುಂಗಾತೀರ

ಇನ್ಶೂರೆನ್ಸ್ ಕಾಗದದಲ್ಲಿ ಎಷ್ಟು ಮೀಟರ್ ವರೆಗೆ ಅಂತ ಬರ್ದಿರುತ್ತೆ, 6,500ರ ಮೇಲೆ ಇರ್ಬೇಕು, ಹೆಲಿಕಾಪ್ಟರ್ ರೆಸ್ಕ್ಯೂ ಸೇರಿರ್ಬೇಕು, ಹಗ್ಗ ಕ್ರಾಂಪಾನ್ ಬಳಸಿ ಹತ್ತೋದಕ್ಕೂ ಅನ್ವಯಿಸುತ್ತೆ ಅಂತ ಇಮೇಲಲ್ಲೇ ಬರೆಸ್ಕೋ, ಫೋನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಸಾದಾ ಟ್ರಾವೆಲ್ ಪಾಲಿಸಿ ನಂಬ್ಕೋಬೇಡ. ಲುಕ್ಲಾ ವಿಮಾನ ಸೀಸನಲ್ಲಿ ಕಾಠ್ಮಂಡುವಿಂದ ಅಲ್ಲ, ರಾಮೇಛಾಪಿಂದ ಬಿಡ್ತಾರೆ, ನಡುರಾತ್ರಿ ಗಾಡಿ ಹತ್ತಿ ನಾಲ್ಕೈದು ಗಂಟೆ ಹೋಗ್ಬೇಕು, ಮೊದ್ಲೇ ಗೊತ್ತಿರ್ಲಿ. ವೀಸಾ ನಮಗೆ ಬೇಡ, ಪಾಸ್‌ಪೋರ್ಟ್ ಇಲ್ಲಾ ವೋಟರ್ ಐಡಿ ಆಗುತ್ತೆ.

ಜಾಕೆಟ್ ನನ್ ಹತ್ರನೇ ಇದೆ, ಬಾಡಿಗೆ ಬೇಡ. ಶನಿವಾರ ಶಿವಮೊಗ್ಗಕ್ಕೆ ಬಂದ್ರೆ ಬಸ್ ಸ್ಟ್ಯಾಂಡ್ ಹತ್ರ ಕೊಡ್ತೀನಿ. ಎಡಗೈ ಹತ್ರ ಟೇಪ್ ಹಚ್ಚಿದೆ, ಅದನ್ನ ಕೀಳಬೇಡ, ಪುಕ್ಕ ಹೊರಗೆ ಬರುತ್ತೆ. ಮತ್ತೆ ವಾಪಸ್ ಕೊಡುವಾಗ ತೊಳೆದು ಕೊಡ್ತೀನಿ ಅಂತ ಸೋಪಿನ ಪುಡಿಲಿ ನೆನೆಸಿ ಕೂರ್ಬೇಡ, ಹಂಗೇ ಕೊಡು.