ಹರಿದ ಮೀನು ಬಲೆಯಿಂದ ಮಾರುವಂಥ ವಸ್ತು ಮಾಡಬೇಕು, ಎಲ್ಲಿಂದ ಶುರು ಮಾಡುವುದು?

ಹೊಲಿಗೆ ಅಕ್ಕ:
ಎಲ್ಲರಿಗೂ ನಮಸ್ಕಾರ. ನಾವು ಮಲ್ಪೆ ಹತ್ತಿರದ ಸ್ವಸಹಾಯ ಗುಂಪಿನ ಹೆಂಗಸರು. ಹೆಚ್ಚಿನವರ ಮನೆಯಲ್ಲಿ ಯಾರಾದರೊಬ್ಬರು ಬೋಟಿಗೆ ಹೋಗುತ್ತಾರೆ. ಬಟ್ಟೆ ಚೀಲ ಹೊಲಿದು ಮಾರಿ ಅಭ್ಯಾಸವಿದೆ. ಬಂದರಿನಲ್ಲಿ ಶೆಡ್ಡುಗಳ ಹಿಂದೆ ಎಲ್ಲಿ ನೋಡಿದರೂ ಹರಿದ ಬಲೆಯ ರಾಶಿ. ಸ್ವಲ್ಪ ಗುಜರಿಗೆ ಹೋಗುತ್ತದೆ, ಸ್ವಲ್ಪ ಸುಡುತ್ತಾರೆ. ಉಳಿದದ್ದು ಮಳೆಗೆ ಕೊಚ್ಚಿಕೊಂಡು ವಾಪಸ್ ಕಡಲಿಗೇ ಹೋಗುತ್ತದೆ. ಅದರಲ್ಲಿ ಸಿಕ್ಕಿಹಾಕಿಕೊಂಡ ಆಮೆಯನ್ನು ಬಿಡಿಸಿದ ಮೇಲೆ, ಏನಾದರೂ ಮಾಡಲೇಬೇಕು ಅಂತ ಎಲ್ಲರೂ ಸೇರಿ ತೀರ್ಮಾನ ಮಾಡಿದ್ದೇವೆ.

ಯಂತ್ರ ಮಾರುವವರೊಬ್ಬರು ಬಂದಿದ್ದರು. ಬಲೆ ಪುಡಿ ಮಾಡಿ ಪ್ಲಾಸ್ಟಿಕ್ ಕಾಳು ಮಾಡಿದರೆ ಒಳ್ಳೆ ದುಡ್ಡು ಅಂದರು. ಸಾಲ ಮಾಡಿ ಯಂತ್ರ ತರುವುದಾ, ಅಥವಾ ಹೊಲಿಗೆಯಲ್ಲೇ ಶುರು ಮಾಡುವುದಾ? ಇನ್ನೊಂದು, ಬಲೆಯ ಮೀನು ವಾಸನೆ ಹೋಗಿಸುವುದು ಹೇಗೆ?

ಬಲೆ ಕೆಲಸದವ:
ಅಕ್ಕಾ, ನಾನು ಬಲೆ ದುರಸ್ತಿ ಮಾಡಿಯೇ ಬದುಕಿದವನು. ಈಗ ಹಳೇ ಬಲೆ ಬಿಡಿಸಿ, ಬೇರೆ ಬೇರೆ ಮಾಡಿ ಮಾರುತ್ತೇನೆ. ಯಂತ್ರದ ಮಾತು ಸದ್ಯಕ್ಕೆ ಬಿಟ್ಟುಬಿಡಿ. ಮೊದಲು ನಿಮ್ಮ ಕೈಗೆ ಬರುವ ಬಲೆ ಯಾವುದು ಅಂತ ಗುರುತಿಸಲು ಕಲಿಯಿರಿ. ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ.

ಕಂತಬಲೆ (ಮೀನಿನ ಕಿವಿರು ಸಿಕ್ಕಿಕೊಳ್ಳುವ ತೆಳು ಬಲೆ) ಮತ್ತು ಪರ್ಸಿನ್ ಬಲೆ (ಮೀನಿನ ಹಿಂಡನ್ನು ಸುತ್ತುವರಿದು ಹಿಡಿಯುವುದು) ಹೆಚ್ಚಾಗಿ ನೈಲಾನ್. ಬೋಟು ಎಳೆದುಕೊಂಡು ಹೋಗುವ ಟ್ರಾಲ್ ಬಲೆ ಹೆಚ್ಚಾಗಿ ಎಚ್‌ಡಿಪಿಇ ಅನ್ನುವ ಪ್ಲಾಸ್ಟಿಕ್, ಆ ಹಸಿರು, ನೀಲಿ ದಪ್ಪ ನೂಲಿನದ್ದು. ಹಗ್ಗ ಬಹಳ ಸಲ ಪಾಲಿಪ್ರೊಪಿಲಿನ್, ಅದೂ ಒಂದು ಪ್ಲಾಸ್ಟಿಕ್. ಸಂಶಯ ಬಂದರೆ ಒಂದು ತುಂಡನ್ನು ಸೋಪು ಹಾಕಿದ ನೀರಿನಲ್ಲಿ ಹಿಂಡಿ, ಗುಳ್ಳೆ ತೆಗೆದು ಬಿಡಿ. ನೈಲಾನ್ ಮುಳುಗುತ್ತದೆ, ಉಳಿದೆರಡು ತೇಲುತ್ತವೆ. ಪಾಲಿಯೆಸ್ಟರ್ ಕೂಡ ಮುಳುಗುತ್ತದೆ, ಹಾಗಾಗಿ ಮುಳುಗಿದ್ದನ್ನು ಬಯಲಲ್ಲಿ ಒಂದು ಎಳೆ ಸುಟ್ಟು ನೋಡಬೇಕು. ನೈಲಾನಿಗೆ ಕೂದಲು ಸುಟ್ಟಂಥ ವಾಸನೆ. ಎಚ್‌ಡಿಪಿಇಗೆ ಮೇಣದ ಬತ್ತಿ ಆರಿಸಿದಾಗಿನ ವಾಸನೆ.

ಇದೆಲ್ಲ ಯಾಕೆ ಹೇಳುತ್ತೇನೆ ಅಂದರೆ, ಎಚ್‌ಡಿಪಿಇ ಸುಮಾರು 130 ಡಿಗ್ರಿಗೆ ಕರಗುತ್ತದೆ, ಬಲೆಯ ನೈಲಾನಿಗೆ ಸುಮಾರು 220 ಬೇಕು. ಎರಡನ್ನೂ ಬೆರೆಸಿದ ರಾಶಿ ಯಾರಿಗೂ ಬೇಡ. ಬೇರೆ ಮಾಡಿದ, ತೊಳೆದು ಒಣಗಿಸಿದ ನೈಲಾನ್ ಇದೆಯಲ್ಲ, ಅದಕ್ಕೆ ಗಿರಾಕಿ ತಾನಾಗಿ ಫೋನ್ ಮಾಡುತ್ತಾನೆ. ಹೊಲಿಯಲು ಬಾರದ ಚೂರುಗಳೂ ಹೀಗೆ ದುಡ್ಡಾಗುತ್ತವೆ.

ಬಲೆ ಮುಳುಗಲೆಂದು ಕಟ್ಟಿದ ಸೀಸದ ಗುಂಡುಗಳನ್ನು ಮೊದಲೇ ಬಿಡಿಸಿ. ಕೈಗವಸು ಹಾಕಿಕೊಂಡೇ ಬಿಡಿಸಬೇಕು, ಆಮೇಲೆ ಸೋಪಿನಲ್ಲಿ ಕೈ ತೊಳೆಯಬೇಕು, ಮಕ್ಕಳನ್ನು ಹತ್ತಿರ ಬಿಡಬಾರದು. ಸೀಸ ವಿಷ. ಈ ವಿಷಯದಲ್ಲಿ ನಮ್ಮವರ ಅಸಡ್ಡೆ ನೋಡಿದರೆ ನನಗೆ ಸಂಕಟವಾಗುತ್ತದೆ.

ಬಲೆ ಜಾಸ್ತಿ ಸಿಗುವುದು ಜೂನ್ 1ರಿಂದ ಜುಲೈ 31ರ ಮೀನುಗಾರಿಕೆ ರಜೆಯಲ್ಲಿ. ಬೋಟುಗಳು ದಡದಲ್ಲಿರುತ್ತವೆ, ದುರಸ್ತಿ ನಡೆಯುತ್ತದೆ, ಕತ್ತರಿಸಿ ಬಿಸಾಡಿದ ತುಂಡು ಅಲ್ಲಲ್ಲೇ ಬಿದ್ದಿರುತ್ತದೆ. ಬೋಟಿನ ಮಾಲೀಕರ ಹತ್ತಿರ ಮೇ ತಿಂಗಳಲ್ಲೇ ಮಾತಾಡಿಡಿ. ಪುಕ್ಕಟೆ ಕೇಳಬೇಡಿ, ಕಿಲೋಗೆ ಇಷ್ಟು ಅಂತ ಕೊಡಿ. ದುಡ್ಡು ಬರುತ್ತದೆ ಅಂದರೆ ಕಲಾಸಿಗಳು (ಬೋಟಿನ ಕೆಲಸಗಾರರು) ಸಮುದ್ರದಲ್ಲಿ ಬಿಸಾಡದೆ ದಡಕ್ಕೆ ತರುತ್ತಾರೆ. ಆಮೆ ಉಳಿಯುವುದು ಹಾಗೆ, ಅಲ್ವಾ?

ತೊಂದರೆ ಏನೆಂದರೆ ಆಗ ನಮ್ಮಲ್ಲಿ ಜಡಿ ಮಳೆ, ಒಂದೂ ಒಣಗುವುದಿಲ್ಲ. ಮಳೆಗಾಲದಲ್ಲಿ ಬಲೆಗಳನ್ನು ಬೇರೆ ಮಾಡಿ ಸೂರಿನ ಕೆಳಗೆ ನೇತು ಹಾಕಿ. ತೊಳೆಯುವ ಕೆಲಸ ಮಳೆ ಬಿಟ್ಟ ಮೇಲೆ. ಸಿಹಿನೀರಿನಲ್ಲಿ ರಾತ್ರಿಯಿಡೀ ನೆನೆಸಿ, ನೀರು ಬದಲಿಸಿ, ಸೋಪಿನಲ್ಲಿ ಉಜ್ಜಿ, ಒಳ್ಳೆ ಬಿಸಿಲಿಗೆ ಹಾಕಿ. ಗಂಟುಗಳಲ್ಲಿ ಅಂಟಿದ ಮೀನಿನ ಲೋಳೆ ಹೋದರೆ ವಾಸನೆಯೂ ಹೋಗುತ್ತದೆ. ಸೆಂಟು ಗಿಂಟು ಹಾಕಬೇಡಿ. ತೊಳೆದ ನೀರನ್ನು ದಪ್ಪ ಬಟ್ಟೆಯಲ್ಲಿ ಸೋಸಿಯೇ ಚೆಲ್ಲಿ, ಇಲ್ಲದಿದ್ದರೆ ಸಣ್ಣ ಎಳೆಗಳೆಲ್ಲ ಹೊಳೆಗೆ ಹೋಗುತ್ತವೆ.

ಏನು ಮಾಡಿ ಮಾರುವುದು? ನನ್ನ ಪ್ರಕಾರ ಮೊದಲ ವಸ್ತು ಬಾವಿಗೆ ಹೊದಿಸುವ ಬಲೆ. ಕರಾವಳಿಯಲ್ಲಿ ಮನೆ ಮನೆಗೂ ಬಾವಿ ಇದೆ, ಎಲೆ ಬೀಳುವುದೂ ಇದ್ದದ್ದೇ. ಗಟ್ಟಿ ಇರುವ ಟ್ರಾಲ್ ಬಲೆಯನ್ನು ಅಳತೆಗೆ ಕತ್ತರಿಸಿ, ಸುತ್ತ ಹಗ್ಗ ಪೋಣಿಸಿದರೆ ಆಯಿತು. ಆಮೇಲೆ ತರಕಾರಿ ಚೀಲ, ಬಳ್ಳಿ ಹಬ್ಬಿಸುವ ಬಲೆ, ಹಳೇ ಹಗ್ಗದ ಕಾಲೊರೆಸು. ಆದರೆ ಕಂತಬಲೆಯ ಕಣ್ಣಿಗೆ ಕಾಣದಂಥ ನೂಲನ್ನು ತೋಟಕ್ಕೆ ಹೊದಿಸಲು ದಯವಿಟ್ಟು ಮಾರಬೇಡಿ. ಹಕ್ಕಿ, ಹಾವು ಸಿಕ್ಕಿ ಸಾಯುತ್ತವೆ. ಕಡಲಲ್ಲಿ ತಪ್ಪಿಸಿದ ಸಾವನ್ನು ತೋಟದಲ್ಲಿ ಮಾಡಿದಂತಾಗುತ್ತದೆ.

ಬೈಕಂಪಾಡಿ ಪ್ಲಾಸ್ಟಿಕ್:
ಮೇಲಿನವರು ಹೇಳಿದ್ದು ಸರಿ. ನಾನು ಪ್ಲಾಸ್ಟಿಕ್ ಘಟಕ ನಡೆಸುತ್ತೇನೆ. ಬಾಟಲಿ ಪುಡಿ ಮಾಡುವ ಸಾದಾ ಯಂತ್ರಕ್ಕೆ ಬಲೆ ಹಾಕಿದರೆ ನೂಲು ತಿರುಗುವ ದಂಡಕ್ಕೆ ಸುತ್ತಿಕೊಂಡು ನಿಂತುಬಿಡುತ್ತದೆ. ಮೊದಲು ಬಲೆಯನ್ನು ಚಿಕ್ಕ ತುಂಡು ಮಾಡಲೇಬೇಕು, ಅದಕ್ಕೆ ಬೇರೆ ಯಂತ್ರ. ನೈಲಾನ್ ಗಾಳಿಯ ತೇವವನ್ನೂ ಹೀರುತ್ತದೆ. ಕರಗಿಸುವ ಮೊದಲು 80 ಡಿಗ್ರಿಯಲ್ಲಿ ಗಂಟೆಗಟ್ಟಲೆ ಒಣಗಿಸದಿದ್ದರೆ ಮಾಲು ಪುಡಿಪುಡಿ. ನಿಮ್ಮ ಬಲೆಯದೇ ಮಾದರಿ ಹಾಕಿ ಓಡಿಸಿ ತೋರಿಸಿ ಅನ್ನಿ ಆ ಯಂತ್ರದವರಿಗೆ. ಮೈಸೂರಿನ ಸಿಪೆಟ್ ಅನ್ನುವ ಕೇಂದ್ರ ಸರ್ಕಾರದ ಪ್ಲಾಸ್ಟಿಕ್ ಸಂಸ್ಥೆಯಲ್ಲಿ ಪ್ಲಾಸ್ಟಿಕ್ ಪರೀಕ್ಷೆ ಮಾಡಿಕೊಡುತ್ತಾರೆ.

ಮುಂದೆ ಯಂತ್ರ ಬೇಕೇ ಬೇಕು ಅನ್ನಿಸಿದರೆ ಪಿಎಂಇಜಿಪಿ ನೋಡಿ, ಅದು ಸ್ವಂತ ಉದ್ಯಮಕ್ಕೆ ಸಾಲದ ಜೊತೆ ಸಹಾಯಧನ ಕೊಡುವ ಕೇಂದ್ರ ಸರ್ಕಾರದ ಯೋಜನೆ. 2022ರ ನಿಯಮದಲ್ಲಿ ಉತ್ಪಾದನಾ ಘಟಕದ 50 ಲಕ್ಷದವರೆಗಿನ ವೆಚ್ಚಕ್ಕೆ ಸಿಗುತ್ತಿತ್ತು, ಹಳ್ಳಿಯ ಮಹಿಳೆಯರಿಗೆ 35% ಸಹಾಯಧನ ಇತ್ತು. ಈಗ ಹೇಗಿದೆ ಅಂತ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಕೇಳಿ.

ಕುಂದಾಪ್ರ ಟು ಪ್ಲಿಮತ್:
ನಾನಿರುವ ಜಾಗದಿಂದ ಇಂಗ್ಲೆಂಡಿನ ಕಾರ್ನ್‌ವಾಲ್ ಹತ್ತಿರ. ಅಲ್ಲಿನ ನ್ಯೂಲಿನ್ ಬಂದರಿನಲ್ಲಿ ಫಿಶಿ ಫಿಲಮೆಂಟ್ಸ್ ಅನ್ನುವ ಚಿಕ್ಕ ಕಂಪನಿ ಹಳೇ ನೈಲಾನ್ ಬಲೆಯಿಂದ ತ್ರೀಡಿ ಪ್ರಿಂಟರಿನ ನೂಲು ಮಾಡಿ ತೋರಿಸಿತು. ವಾಟರ್‌ಹಾಲ್ ಅನ್ನುವ ಇನ್ನೊಂದು ಕಂಪನಿಯವರು ಹಳೇ ಬಲೆಯಿಂದ ಕನ್ನಡಕದ ಫ್ರೇಮ್ ಮಾಡುತ್ತಾರೆ. ಚಿಲಿ ದೇಶದಲ್ಲಿ 2013ರಲ್ಲಿ ಶುರುವಾದ ಬ್ಯೂರಿಯೊ ಕಂಪನಿ ಹಳೇ ಬಲೆಯಿಂದ ಮೊದಲು ಮಾಡಿದ್ದು ಸ್ಕೇಟ್‌ಬೋರ್ಡ್ ಒಂದೇ. ಅದು ಹೆಸರಾದ ಮೇಲೆ ಪ್ಯಾಟಗೋನಿಯಾದಂಥ ದೊಡ್ಡ ಬಟ್ಟೆ ಕಂಪನಿ ಅವರ ಮಾಲನ್ನು ಟೋಪಿಯ ಅಂಚಿಗೆ ಬಳಸಿತು. ನೀವೂ ಹತ್ತು ವಸ್ತು ಮಾಡಬೇಡಿ, ಒಂದನ್ನು ಚೆನ್ನಾಗಿ ಮಾಡಿ. ಯಾವ ಬಂದರಿನ ಯಾವ ಬಲೆ ಅಂತ ಚೀಟಿಯಲ್ಲಿ ಬರೆಯಿರಿ. ಇಲ್ಲಿನ ಗಿರಾಕಿಗಳು ಅದನ್ನು ಓದಿಯೇ ಕೊಳ್ಳುತ್ತಾರೆ.

ಹೊಲಿಗೆ ಅಕ್ಕ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಯಂತ್ರದವರಿಗೆ ಈಗ ಬೇಡ ಅಂತ ಹೇಳುತ್ತೇವೆ. ಬಾವಿ ಬಲೆ ಮತ್ತು ಚೀಲ, ಎರಡೇ. ಬಲೆ ಅಣ್ಣಾ, ಚೀಲ ಹೊಲಿಯುವಾಗ ಬಲೆಯ ಕಣ್ಣು ಹೊಲಿಗೆ ಯಂತ್ರದ ಬಟ್ಟೆ ಒತ್ತುವ ಕಾಲಿಗೆ ಸಿಕ್ಕಿಕೊಳ್ಳುತ್ತದೆ, ಏನು ಮಾಡುವುದು?

ಬಲೆ ಕೆಲಸದವ:
ಬಲೆಯ ಕೆಳಗೂ ಮೇಲೂ ತೆಳು ಕಾಗದ ಇಟ್ಟು ಹೊಲಿಯಿರಿ, ಆಮೇಲೆ ಕಾಗದ ಹರಿದು ತೆಗೆಯಿರಿ. ಅಂಚಿಗೆ ಕ್ಯಾನ್ವಾಸ್ ಪಟ್ಟಿ ಮಡಚಿ ಹಾಕಿದರೆ ನೂಲು ಬಿಚ್ಚುವುದಿಲ್ಲ. ಚೀಲಕ್ಕೆ ಪರ್ಸಿನ್ ಬಲೆಯೇ ಇರಲಿ, ಕೈಗೆ ಮೆತ್ತಗಿರುತ್ತದೆ. ಆದರೆ ಒಂದು ತುಂಡನ್ನು ಎರಡೂ ಕೈಯಲ್ಲಿ ಜೋರಾಗಿ ಎಳೆದು ನೋಡಿ. ಬಿಸಿಲಿಗೆ ಸತ್ತ ನೂಲು ಪಟ್ ಅಂತ ಕಡಿಯುತ್ತದೆ, ಅದನ್ನು ಚೂರಿನ ರಾಶಿಗೆ ಹಾಕಿ.