ರಂಜಕ ಗೊಬ್ಬರದ ಕ್ಯಾಡ್ಮಿಯಂ: ಗೊಬ್ಬರ ನಿಲ್ಲಿಸಿದರೆ ಮಣ್ಣಿನಿಂದ ಹೋಗುವುದೇ?

ಪ್ರಶ್ನೆ:
ಮೂವತ್ತು ವರ್ಷಗಳಿಂದ ಒಂದೇ ಹೊಲಕ್ಕೆ ರಂಜಕದ ಗೊಬ್ಬರ ಹಾಕುತ್ತಾ ಬಂದಿದ್ದೇವೆ. ಅದರಲ್ಲಿ ಕ್ಯಾಡ್ಮಿಯಂ ಎಂಬ ವಿಷಕಾರಿ ಲೋಹ ಇರುತ್ತದೆಂದೂ, ಅದು ಮಣ್ಣಿನಿಂದ ಸೊಪ್ಪು ಮತ್ತು ಕಾಳುಗಳಿಗೆ ಏರುತ್ತದೆಂದೂ ಈಚೆಗೆ ಓದಿದೆ. ಮನೆಯ ಮಕ್ಕಳು ಉಣ್ಣುವುದು ಈ ಹೊಲದ ಬೆಳೆಯನ್ನೇ ಆದ್ದರಿಂದ ಮನಸ್ಸಿಗೆ ಸಮಾಧಾನವಿಲ್ಲ. ಗೊಬ್ಬರ ನಿಲ್ಲಿಸಿದರೆ ಅದು ತಾನಾಗಿ ಹೋಗುತ್ತದೆಯೇ?

ಉತ್ತರ 1:
ಬಹುಮಟ್ಟಿಗೆ ಹೋಗುವುದಿಲ್ಲ, ಕ್ಯಾಡ್ಮಿಯಂ ಕೊಳೆತು ಇಲ್ಲವಾಗುವ ವಸ್ತುವಲ್ಲ. ಗೊಬ್ಬರದ ಕಚ್ಚಾ ವಸ್ತುವಾದ ಶಿಲಾರಂಜಕದಲ್ಲಿಯೇ ಅದು ಇರುತ್ತದೆ. ಸಮುದ್ರತಳದಲ್ಲಿ ಪದರಗಟ್ಟಿದ ಶಿಲೆಯಲ್ಲಿ ಸಾಮಾನ್ಯವಾಗಿ ಹೆಚ್ಚು, ಅಗ್ನಿಶಿಲೆಯಲ್ಲಿ ಕಡಿಮೆ. ಐರೋಪ್ಯ ಒಕ್ಕೂಟದಲ್ಲಿ 2022ರ ಜುಲೈಯಿಂದ ಅನ್ವಯವಾದ ನಿಯಮವು ಒಂದು ಕಿಲೋ ರಂಜಕದ ಪೆಂಟಾಕ್ಸೈಡಿಗೆ (ಗೊಬ್ಬರದಲ್ಲಿನ ರಂಜಕವನ್ನು ಲೆಕ್ಕ ಹಾಕುವ ರೂಪ) 60 ಮಿಲಿಗ್ರಾಂ ಕ್ಯಾಡ್ಮಿಯಂ ಎಂಬ ಮಿತಿ ಹಾಕಿದೆ. ಆ ಮಿತಿಯಲ್ಲಿರುವ ಗೊಬ್ಬರದ ಮೂಲಕ ಹೆಕ್ಟೇರಿಗೆ ವರ್ಷಕ್ಕೆ 50 ಕಿಲೋ ಪೆಂಟಾಕ್ಸೈಡ್ ಕೊಟ್ಟರೆ 3 ಗ್ರಾಂ ಕ್ಯಾಡ್ಮಿಯಂ ಸೇರುತ್ತದೆ. ಮೇಲಿನ 20 ಸೆಂಟಿಮೀಟರ್ ಮಣ್ಣಿನ ತೂಕ ಸುಮಾರು 26 ಲಕ್ಷ ಕಿಲೋ ಎಂದಿಟ್ಟುಕೊಂಡರೆ, ಮೂವತ್ತು ವರ್ಷಗಳಲ್ಲಿ ಕಿಲೋ ಮಣ್ಣಿಗೆ ಏರುವುದು ಹೆಚ್ಚೆಂದರೆ 0.035 ಮಿಲಿಗ್ರಾಂ. ಇದು ಗಾಬರಿಪಡುವ ಪ್ರಮಾಣವಲ್ಲ, ಆದರೆ ಪ್ರತಿವರ್ಷವೂ ಕೂಡಿಕೊಳ್ಳುತ್ತಲೇ ಹೋಗುತ್ತದೆ.

ಉತ್ತರ 2:
ಲೆಕ್ಕ ಸರಿ, ಆದರೆ ನನ್ನ ದೃಷ್ಟಿಯಲ್ಲಿ ಮಣ್ಣಿನಲ್ಲಿ ಎಷ್ಟಿದೆ ಎನ್ನುವುದಕ್ಕಿಂತ ಬೇರಿಗೆ ಎಷ್ಟು ಸಿಗುತ್ತದೆ ಎನ್ನುವುದೇ ಮುಖ್ಯ. ಮಣ್ಣು ಹುಳಿಯಾದಷ್ಟೂ ಕ್ಯಾಡ್ಮಿಯಂ ಸಡಿಲಗೊಂಡು ಗಿಡಕ್ಕೆ ಸುಲಭವಾಗಿ ಏರುತ್ತದೆ. ಸತುವಿನ ಕೊರತೆಯಿದ್ದರೆ, ಅಥವಾ ನೀರಿನಲ್ಲಿ ಇಲ್ಲವೇ ಗೊಬ್ಬರದಲ್ಲಿ ಕ್ಲೋರೈಡ್ ಹೆಚ್ಚಿದ್ದರೆ ಇನ್ನಷ್ಟು ಏರುತ್ತದೆ. ಆದ್ದರಿಂದ ರಸಸಾರ (ಮಣ್ಣಿನ ಹುಳಿಯ ಅಳತೆ, pH), ಸತು ಮತ್ತು ಸಾವಯವ ಇಂಗಾಲವನ್ನು ಮೊದಲು ಪರೀಕ್ಷಿಸಿ, ಹುಳಿ ಮಣ್ಣಾಗಿದ್ದರೆ ಸುಣ್ಣ ಕೊಡಿ. ಎಲೆ ತರಕಾರಿಗಳು ಈ ಲೋಹವನ್ನು ಹೆಚ್ಚು ಹೀರುತ್ತವೆ, ಹಣ್ಣುಗಾಯಿಗಳಲ್ಲಿ ಅದು ಸಾಮಾನ್ಯವಾಗಿ ಕಡಿಮೆ. ಮನುಷ್ಯನ ಮೂತ್ರಪಿಂಡದಲ್ಲಿ ಸೇರಿದ ಕ್ಯಾಡ್ಮಿಯಂ ಅರ್ಧಕ್ಕಿಳಿಯಲು ಹತ್ತರಿಂದ ಮೂವತ್ತು ವರ್ಷ ಹಿಡಿಯುವುದರಿಂದ, ಮಕ್ಕಳ ವಿಷಯದಲ್ಲಿ ನಿಮ್ಮ ಕಾಳಜಿ ಸರಿಯಾದದ್ದೇ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ಪೂರ್ತಿ ಕೊಟ್ಟಿಗೆ ಗೊಬ್ಬರಕ್ಕೆ ಬದಲಾಯಿಸಿದರೆ ಸಾಕೇ? ಭತ್ತಕ್ಕೂ ಇದೇ ಮಾತು ಅನ್ವಯಿಸುತ್ತದೆಯೇ?

ಉತ್ತರ 3:
ಸಾವಯವ ಪದಾರ್ಥ ಕ್ಯಾಡ್ಮಿಯಂ ಅನ್ನು ಹಿಡಿದಿಡುವುದರಿಂದ ಕೊಟ್ಟಿಗೆ ಗೊಬ್ಬರ ಒಳ್ಳೆಯದೇ. ಆದರೆ ಪಶು ಆಹಾರದಲ್ಲಿ ತಾಮ್ರ, ಸತುಗಳನ್ನು ಬೆರೆಸುವ ಹಂದಿ ಮತ್ತು ಕೋಳಿ ಸಾಕಣೆಗಳ ಗೊಬ್ಬರದಲ್ಲಿ ಆ ಲೋಹಗಳು ಹೇರಳವಾಗಿರಬಹುದು. ಮೂಲ ತಿಳಿಯದೆ ತರಬೇಡಿ. ಭತ್ತದ ಕಥೆ ಬೇರೆ. ಗದ್ದೆಯಲ್ಲಿ ನೀರು ನಿಂತರೆ ಕ್ಯಾಡ್ಮಿಯಂ ಗಂಧಕದೊಡನೆ ಕೂಡಿ ಕರಗದಂತಾಗುತ್ತದೆ, ಆದರೆ ಅದೇ ನೀರು ಮಣ್ಣಿನಲ್ಲಿರುವ ಆರ್ಸೆನಿಕ್ ಎಂಬ ಇನ್ನೊಂದು ವಿಷವಸ್ತುವನ್ನು ಬಿಡಿಸಿ ಪೈರಿಗೆ ಕೊಡುತ್ತದೆ. ನೀರು ಬಸಿದರೆ ಇದು ತಿರುಗುಮುರುಗಾಗುತ್ತದೆ. ಹಾಗಾಗಿ ಎರಡನ್ನೂ ಅಕ್ಕಿಯಲ್ಲಿಯೇ ಪರೀಕ್ಷೆ ಮಾಡಿಸಿದ ಮೇಲೆ ನೀರಿನ ಕ್ರಮವನ್ನು ಬದಲಾಯಿಸಿ.