ಸೆಲ್ಫ್ ಎಳೆದೆಳೆದು ತಿರುಗುತ್ತದೆ: ಬ್ಯಾಟರಿಯೋ, ಡೈನಮೋವೋ, ಸೆಲ್ಫ್ ಮೋಟರೋ?

ಕುಂಬಳೆ_ಕಡಲು:
2015ರ ಪೆಟ್ರೋಲ್ ಕಾರು, 35 ಎ.ಎಚ್. (ಆಂಪಿಯರ್-ಅವರ್) ಬ್ಯಾಟರಿ, ಹಾಕಿ ಎರಡು ವರ್ಷ. ಮಳೆ ಶುರುವಾದ ಮೇಲೆ ಬೆಳಿಗ್ಗೆ ಸೆಲ್ಫ್ ಹೊಡೆದರೆ ಎಳೆದೆಳೆದು ತಿರುಗುತ್ತದೆ, ಕೆಲವೊಮ್ಮೆ ಬರೀ ಒಂದು 'ಟಕ್'. ಹೆಡ್‌ಲೈಟ್ ಮಾತ್ರ ಚೆನ್ನಾಗಿಯೇ ಉರಿಯುತ್ತದೆ. ಒಬ್ಬರು ಬ್ಯಾಟರಿ ಬದಲಿಸಿ ಅನ್ನುತ್ತಾರೆ, ಇನ್ನೊಬ್ಬರು ಸೆಲ್ಫ್ ಮೋಟರ್ ಬಿಚ್ಚಬೇಕು ಅನ್ನುತ್ತಾರೆ. ಕೈಯಲ್ಲಿ ಸಾದಾ ಡಿಜಿಟಲ್ ಮಲ್ಟಿಮೀಟರ್ ಇದೆ. ಎಲ್ಲಿಂದ ಹಿಡಿಯಬೇಕು?

ಪೆರ್ಲ_ವಯರಿಂಗ್:
ಏನನ್ನೂ ಬದಲಿಸಬೇಡಿ ಮಾರಾಯ್ರೇ, ಮೊದಲು ಬ್ಯಾಟರಿಯ ವೋಲ್ಟೇಜ್ ಅಳೆಯಿರಿ. ರಾತ್ರಿಯಿಡೀ ನಿಂತ ಕಾರಿನಲ್ಲಿ, ಬಾಗಿಲು ತೆರೆಯುವ ಮೊದಲೇ ಬಾನೆಟ್ ಎತ್ತಿ ನೋಡುವಂತಿದ್ದರೆ ಉತ್ತಮ. 12.6 ವೋಲ್ಟ್ ಇದ್ದರೆ ಬ್ಯಾಟರಿ ತುಂಬಿದೆ, 12.4 ಅಂದರೆ ಮುಕ್ಕಾಲು, 12.2 ಅಂದರೆ ಅರ್ಧ, 12.0 ಅಂದರೆ ಕಾಲು ಭಾಗ. ಆಗಷ್ಟೇ ಓಡಿಸಿ ಬಂದಿದ್ದರೆ ಈ ಅಂಕೆಯನ್ನು ನಂಬಬೇಡಿ. ಹೆಡ್‌ಲೈಟ್ ಎರಡು ನಿಮಿಷ ಉರಿಸಿ ಆರಿಸಿ, ಸ್ವಲ್ಪ ಹೊತ್ತು ಬಿಟ್ಟು ಅಳೆಯಿರಿ. 10.5ರ ಆಸುಪಾಸು ತೋರಿಸಿ, ಚಾರ್ಜ್ ಮಾಡಿದರೂ ಏರದಿದ್ದರೆ ಒಂದು ಸೆಲ್ ಶಾರ್ಟ್ ಆಗಿದೆ, ಅದು ಹೊಸ ಬ್ಯಾಟರಿಯ ಲೆಕ್ಕ. 12.4ಕ್ಕಿಂತ ಕಡಿಮೆ ಇದ್ದರೆ ಮೂರು-ಮೂರೂವರೆ ಆಂಪಿಯರ್‌ನಲ್ಲಿ ರಾತ್ರಿಯಿಡೀ ಚಾರ್ಜ್ ಮಾಡಿಯೇ ಮುಂದಿನ ಟೆಸ್ಟ್. ಅರೆಹೊಟ್ಟೆ ಬ್ಯಾಟರಿಯಲ್ಲಿ ಬರುವ ಅಂಕೆಗಳೆಲ್ಲ ದಾರಿ ತಪ್ಪಿಸುತ್ತವೆ.

ಆಮೇಲೆ ಫ್ಯುಯೆಲ್ ಪಂಪ್ ರಿಲೇ ತೆಗೆದಿಡಿ, ಇಂಜಿನ್ ಸ್ಟಾರ್ಟ್ ಆಗಬಾರದು. ಮೀಟರ್ ಬ್ಯಾಟರಿಗೆ ಹಿಡಿದು ಇನ್ನೊಬ್ಬರಿಂದ ಐದು ಸೆಕೆಂಡ್ ಸೆಲ್ಫ್ ಹೊಡೆಸಿ. 9.6ಕ್ಕಿಂತ ಕೆಳಗೆ ಬಿದ್ದರೆ ಒಂದೋ ಬ್ಯಾಟರಿ ಸೋತಿದೆ, ಅಲ್ಲ ಮೋಟರ್ ಬಿಗಿಯಾಗಿ ಅತಿಯಾಗಿ ಕರೆಂಟ್ ಎಳೆಯುತ್ತಿದೆ. 11ರ ಮೇಲೆಯೇ ನಿಂತು ಮೋಟರ್ ನಿಧಾನ ತಿರುಗಿದರೆ ಕರೆಂಟ್ ಮೋಟರಿಗೆ ಸಾಕಷ್ಟು ತಲುಪುತ್ತಿಲ್ಲ. ಹೆಡ್‌ಲೈಟ್‌ಗೆ ಹತ್ತು ಆಂಪಿಯರ್ ಸಾಕು, ಸೆಲ್ಫ್‌ಗೆ ನೂರರ ಮೇಲೆ ಬೇಕು. ಹಾಗಾಗಿ ಲೈಟ್ ಚೆನ್ನಾಗಿದೆ ಎಂಬುದು ಏನನ್ನೂ ಹೇಳುವುದಿಲ್ಲ.

ಮಂಜೇಶ್ವರ_ಮೀಟರ್:
ಕಡಲ ಬದಿಯ ಕಾರು ಅಂದ ಮೇಲೆ ನನಗೆ ಮೊದಲ ಅನುಮಾನ ಅರ್ತ್ ಮೇಲೆ, ಅಂದರೆ ಬ್ಯಾಟರಿಯ ನೆಗೆಟಿವ್‌ನಿಂದ ಇಂಜಿನ್ ಕಡೆ ಹೋಗುವ ವಯರ್ ಮೇಲೆ. ಮೀಟರ್ 20 ವೋಲ್ಟ್ ಡಿ.ಸಿ.ಯಲ್ಲಿಡಿ. ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್ ಪೋಸ್ಟ್ ಮೇಲೆ, ಕ್ಲ್ಯಾಂಪ್ ಮೇಲಲ್ಲ, ನಡುವಿನ ಸೀಸದ ಮೇಲೇ. ಇನ್ನೊಂದು ಇಂಜಿನ್ ಬ್ಲಾಕಿನ ಪೇಂಟ್ ಇಲ್ಲದ ಜಾಗಕ್ಕೆ. ಸೆಲ್ಫ್ ಹೊಡೆಯುವಾಗ 0.2 ವೋಲ್ಟ್ ದಾಟಬಾರದು. ಹಾಗೆಯೇ ಪಾಸಿಟಿವ್ ಪೋಸ್ಟ್‌ನಿಂದ ಸೆಲ್ಫ್ ಮೋಟರಿನ ದಪ್ಪ ಬೋಲ್ಟಿಗೆ 0.5ರ ಒಳಗೆ. ವಯರ್ ಎಳೆಗಳಲ್ಲಿ ಒಂದೇ ಒಂದು ಉಳಿದಿದ್ದರೂ ಓಮ್ಸ್‌ನಲ್ಲಿ (ಮೀಟರಿನ ರೆಸಿಸ್ಟೆನ್ಸ್ ಸೆಟ್ಟಿಂಗ್) 'ಸರಿ' ಎಂದೇ ತೋರಿಸುತ್ತದೆ. ಲೋಡ್ ಬಿದ್ದಾಗ ಮಾತ್ರ ಬಣ್ಣ ಬಯಲು.

ಕುಂಬಳೆ_ಕಡಲು:
ಬೆಳಿಗ್ಗೆ ಅಳೆದೆ. ನಿಂತಾಗ 12.58. ಸೆಲ್ಫ್ ಹೊಡೆದಾಗ 11.2, ತಿರುಗಿದ್ದು ನಿಧಾನವೇ. ಪಾಸಿಟಿವ್ ಕಡೆ 0.3. ನೆಗೆಟಿವ್‌ನಿಂದ ಬ್ಲಾಕಿಗೆ 2.4!

ಪೆರ್ಲ_ವಯರಿಂಗ್:
ಸಿಕ್ಕಿತು. 11.2ರಲ್ಲಿ 2.4 ಮತ್ತು 0.3 ಕಳೆದರೆ ಮೋಟರಿಗೆ ಸಿಗುವುದು ಎಂಟೂವರೆ. ಈಗ ಆ 2.4 ಎಲ್ಲಿ ಹೋಗುತ್ತಿದೆ ಎಂದು ತುಂಡು ತುಂಡಾಗಿ ನೋಡಿ: ಪೋಸ್ಟ್‌ನಿಂದ ಕ್ಲ್ಯಾಂಪ್, ಕ್ಲ್ಯಾಂಪ್‌ನಿಂದ ವಯರಿನ ಆಚೆ ತುದಿಯ ಲಗ್ (ಬೋಲ್ಟಿಗೆ ಸಿಕ್ಕಿಸುವ ಲೋಹದ ಬಳೆ), ಲಗ್‌ನಿಂದ ಗೇರ್‌ಬಾಕ್ಸ್. ಸಾಮಾನ್ಯವಾಗಿ ಕೊನೆಯದೇ ಕಳ್ಳ. ಗೇರ್‌ಬಾಕ್ಸ್ ಅಲ್ಯುಮಿನಿಯಂ, ಲಗ್ ತಾಮ್ರ, ನಡುವೆ ಉಪ್ಪು ಗಾಳಿಯ ತೇವ. ಬೋಲ್ಟ್ ಹೊರಗಿನಿಂದ ಬಿಗಿಯಾಗಿಯೇ ಕಾಣುತ್ತದೆ, ಬಿಚ್ಚಿದರೆ ಲಗ್ ಅಡಿಯಲ್ಲಿ ಬಿಳಿ ಹುಡಿ.

ಬಿಚ್ಚುವ ಮೊದಲು ಖಚಿತಪಡಿಸಿಕೊಳ್ಳಿ: ಜಂಪರ್ ಕೇಬಲಿನ ಒಂದು ತುದಿ ಬ್ಯಾಟರಿ ನೆಗೆಟಿವ್‌ಗೆ, ಇನ್ನೊಂದು ಇಂಜಿನ್ ಬ್ಲಾಕಿಗೆ. ಸೆಲ್ಫ್ ಚುರುಕಾದರೆ ಅರ್ತೇ. ಆಗ ಬ್ಯಾಟರಿ ನೆಗೆಟಿವ್ ಕಳಚಿ (10ರ ಸ್ಪ್ಯಾನರ್), ಲಗ್ ಮತ್ತು ಗೇರ್‌ಬಾಕ್ಸ್ ಎರಡೂ ಮುಖವನ್ನು ಸ್ಯಾಂಡ್ ಪೇಪರಿನಲ್ಲಿ ಹೊಳೆಯುವ ತನಕ ಉಜ್ಜಿ, ಟೈಟ್ ಮಾಡಿದ ಮೇಲೆ ಹೊರಗಿನಿಂದ ವ್ಯಾಸಲೀನ್ ಹಚ್ಚಿ. ಬ್ಯಾಟರಿ ಪೋಸ್ಟ್ ಮೇಲೆ ಕಿಲುಬು ಇದ್ದರೆ ಬಿಸಿನೀರಿಗೆ ಅಡುಗೆ ಸೋಡ ಹಾಕಿ ತೊಳೆಯಿರಿ, ನೀರು ಸೆಲ್ ಒಳಗೆ ಇಳಿಯದ ಹಾಗೆ.

ಮುಳ್ಳೇರಿಯ_ಗ್ಯಾರೇಜು:
ಹೊರಟಿದ್ದೀರಿ ಅಂದ ಮೇಲೆ ಡೈನಮೋವನ್ನೂ (ಇಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್) ನೋಡಿಬಿಡಿ. ಸ್ಟಾರ್ಟ್ ಮಾಡಿ ಎಕ್ಸಲರೇಟರ್ ಸ್ವಲ್ಪ ಒತ್ತಿ, 1,500-2,000 ಆರ್.ಪಿ.ಎಂ.ನಲ್ಲಿ ಬ್ಯಾಟರಿ ಮೇಲೆ 13.8ರಿಂದ 14.5 ಬರಬೇಕು. ಹೈ ಬೀಮ್, ಬ್ಲೋವರ್, ವೈಪರ್, ಹಿಂದಿನ ಡಿಫಾಗರ್ ಎಲ್ಲ ಹಾಕಿದರೂ 13.5 ಉಳಿಯಬೇಕು. ಕೆಳಗಿಳಿದರೆ ಬೆಲ್ಟ್ ಸಡಿಲ ಅಥವಾ ಬ್ರಷ್ ಸವೆದಿದೆ. 15 ದಾಟಿದರೆ ರೆಗ್ಯುಲೇಟರ್ ಕೆಟ್ಟಿದೆ, ಬ್ಯಾಟರಿ ನೀರು ಬೇಗ ಒಣಗುತ್ತದೆ. ಮೀಟರ್ ಎ.ಸಿ. ವೋಲ್ಟ್‌ನಲ್ಲಿಟ್ಟಾಗ ಅರ್ಧ ವೋಲ್ಟ್‌ಗಿಂತ ಜಾಸ್ತಿ ಕಂಡರೆ ಡಯೋಡ್ ಹೋಗಿದೆ. (ಹೊಸ ಕೆಲವು ಕಾರುಗಳಲ್ಲಿ ಕಂಪ್ಯೂಟರೇ ಚಾರ್ಜನ್ನು ಇಳಿಸಿ ಏರಿಸುತ್ತದೆ, ಅಲ್ಲಿ ಈ ಅಂಕೆಗಳು ಹೊಂದುವುದಿಲ್ಲ.)

ಒಂದು ಮಾತು: ಇಂಜಿನ್ ಓಡುವಾಗ ಟರ್ಮಿನಲ್ ಕಳಚಿ 'ಡೈನಮೋ ಸರಿಯಿದೆಯಾ' ಎಂದು ನೋಡುವ ಪದ್ಧತಿ ಇನ್ನೂ ಇದೆ. ಬೇಡವೇ ಬೇಡ. ಆ ಕ್ಷಣದಲ್ಲಿ ವೋಲ್ಟೇಜ್ ಚಿಮ್ಮಿ ಇ.ಸಿ.ಯು. (ಇಂಜಿನ್ನಿನ ಕಂಪ್ಯೂಟರ್) ಸುಟ್ಟರೆ ಬ್ಯಾಟರಿಗಿಂತ ಎಷ್ಟೋ ಪಟ್ಟು ದುಡ್ಡು.

ಎರಡು ದಿನ ನಿಂತರೆ ಬ್ಯಾಟರಿ ಇಳಿಯುವ ತೊಂದರೆ ಇದ್ದರೆ ಬೇರೆ ಟೆಸ್ಟ್. ಕೆಂಪು ಕಡ್ಡಿ 10 ಆಂಪಿಯರ್ ಸಾಕೆಟ್‌ಗೆ ಹಾಕಿ, ನೆಗೆಟಿವ್ ವಯರ್ ಕಳಚಿ, ಮೀಟರನ್ನು ಮಧ್ಯೆ ಸೇರಿಸಿ. ಕಾರು ಲಾಕ್ ಮಾಡಿ ಅರ್ಧ ಗಂಟೆ ಬಿಡಿ, 50 ಮಿಲಿಆಂಪಿಯರ್ ಒಳಗೆ ಇರಬೇಕು. ಜಾಸ್ತಿಯಿದ್ದರೆ ಫ್ಯೂಸ್ ಒಂದೊಂದಾಗಿ ಎಳೆಯಿರಿ. ಹೊರಗಿನಿಂದ ಹಾಕಿಸಿದ ಸ್ಟೀರಿಯೋದಲ್ಲೇ ಹೆಚ್ಚಾಗಿ ಸಿಗುತ್ತದೆ. ಮೀಟರ್ ಹೀಗೆ ಸೇರಿಸಿರುವಾಗ ಸೆಲ್ಫ್ ಹೊಡೆದರೆ ಅದರ ಫ್ಯೂಸ್ ಢಂ.

ಕುಂಬಳೆ_ಕಡಲು:
ಬೋಲ್ಟ್ ಬಿಚ್ಚಿದರೆ ಹುಡಿಯೇ ಹುಡಿ. ಉಜ್ಜಿ ಹಾಕಿದ ಮೇಲೆ ಅರ್ತ್ ಡ್ರಾಪ್ 0.12, ಸೆಲ್ಫ್ ಒಂದೇ ಸಲಕ್ಕೆ ಎತ್ತುತ್ತದೆ. ಡೈನಮೋ 14.2, ಎಲ್ಲ ಲೋಡ್ ಹಾಕಿದರೆ 13.8. ಆದರೆ ಸೆಲ್ಫ್ ಹೊಡೆಯುವಾಗ ಬ್ಯಾಟರಿ ಈಗ 10.4ಕ್ಕೆ ಇಳಿಯುತ್ತದಲ್ಲ, ಮೊದಲು 11.2 ಇತ್ತು. ಬ್ಯಾಟರಿಗೇನಾದರೂ ಆಯಿತೇ?

ಪೆರ್ಲ_ವಯರಿಂಗ್:
ಇಲ್ಲ, ಅದೇ ಸರಿ. ಮೊದಲು ಮೋಟರಿಗೆ ಸಾಕಷ್ಟು ಕರೆಂಟ್ ಹೋಗುತ್ತಿರಲಿಲ್ಲ, ಬ್ಯಾಟರಿಗೆ ಅಷ್ಟು ಕೆಲಸವೂ ಇರಲಿಲ್ಲ. ಈಗ ಮೋಟರ್ ತನಗೆ ಬೇಕಾದಷ್ಟು ಎಳೆಯುತ್ತಿದೆ. 10.4 ಒಳ್ಳೆಯ ಅಂಕೆಯೇ. ಬರೆದಿಟ್ಟುಕೊಳ್ಳಿ, ಮುಂದಿನ ಮಳೆಗಾಲಕ್ಕೆ ಹೋಲಿಸಿ ನೋಡಲು ಬೇಕು.